ಬೈ ಟೂ ಚಿತ್ತಪ್ಪ

ನ್ಯಾಮತಿಯಲ್ಲಿ ಲೋಟದ ತುಂಬ ಚಹಾ ಕುಡಿಯುವವರು ಬೇಕಾದಷ್ಟು ಜನ ಇದ್ದಾರೆ. ಕುಡಿಯುತ್ತಾರೆ, ಬಾಯಿ ಒರೆಸಿಕೊಳ್ಳುತ್ತಾರೆ, ಹೋಗುತ್ತಾರೆ. ಅವರ ಬಗ್ಗೆ ಬರೆಯಲು ನನಗೇನೂ ಸಿಕ್ಕಿಲ್ಲ. ಈಗ ಹೇಳುತ್ತಿರುವುದು ಹಗ್ಗದಂಗಡಿ ಚಿತ್ತಪ್ಪನ ವಿಷಯ. ಅರವತ್ತರ ಹತ್ತಿರ ಬಂದಿರುವ ಈ ಮನುಷ್ಯ ಒಂದು ಪೂರ್ತಿ ಚಹಾವನ್ನು ಒಬ್ಬನೇ ಕುಡಿದವನಲ್ಲ. ಕುಡಿದರೆ ಬೈ ಟೂ. ಒಂದು ಚಹಾ, ಎರಡು ಲೋಟ, ಇಬ್ಬರು ಮನುಷ್ಯರು.

ಜಿಪುಣ ಎಂದುಕೊಳ್ಳಬೇಡಿ. ಎದುರಿನವರು ಜೇಬಿಗೆ ಕೈ ಹಾಕುವಷ್ಟರಲ್ಲಿ ಕಾಸು ಕೊಟ್ಟು ಮುಗಿಸಿರುತ್ತಾನೆ. ಚಹಾ ಇಷ್ಟವಿಲ್ಲ ಎಂದೂ ಅಲ್ಲ. ಎದುರಿಗಿರುವ ಪ್ರೇಮಮ್ಮನ ಹೋಟೆಲಿನಲ್ಲಿ ಶುಂಠಿ ಜಜ್ಜುವ ಸದ್ದು ಕೇಳಿದರೆ ಸಾಕು, ಅವನ ಕೈಯಲ್ಲಿ ಹೊಸೆಯುತ್ತಿದ್ದ ಹಗ್ಗ ತಾನಾಗಿಯೇ ಸಡಿಲವಾಗುತ್ತದೆ. ಹಾಗಾದರೆ ಯಾಕಪ್ಪ ಈ ಅರ್ಧದ ವ್ರತ ಎಂದು ನಾನು ಒಮ್ಮೆ ಕೇಳಿಯೇಬಿಟ್ಟೆ.

"ಪೂರ್ತಿ ಚಾ ಕುಡಿಯಾಕೆ ಬಾಯಿ ಒಂದಿದ್ರೆ ಸಾಕು ಮಾಲತೇಶಣ್ಣ," ಅಂದ. "ಬೈ ಟೂ ಕುಡಿಯಾಕೆ ಎದುರಿಗೆ ಒಬ್ಬ ಮನುಷ್ಯ ಬೇಕು. ನಂಗೆ ಚಾಕ್ಕಿಂತ ಅದೇ ರುಚಿ."

ಮಾಲತೇಶಣ್ಣ ಎಂದರೆ ನಾನು. ನ್ಯಾಮತಿ ತಾಲ್ಲೂಕು ಕೇಂದ್ರವಾದ ಮೇಲೆ ಊರಿಗೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆಯೇ ಜೆರಾಕ್ಸ್ ಅಂಗಡಿಗಳು ಬಂದವು. ಅವುಗಳಲ್ಲಿ ಒಂದು ನನ್ನದು. ಬೇರೆಯವರ ಆಧಾರ್ ಕಾರ್ಡು, ಪಹಣಿ, ಜಾತಿ ಪ್ರಮಾಣಪತ್ರಗಳ ನಕಲು ತೆಗೆದು ಬದುಕುವವನು. ಇಲ್ಲಿ ಬರೆಯುತ್ತಿರುವುದೂ ಚಿತ್ತಪ್ಪನ ಜೆರಾಕ್ಸೇ. ಅಲ್ಲಲ್ಲಿ ಮಸುಕಾಗಿ ಬಂದಿದ್ದರೆ ಯಂತ್ರ ಹಳೆಯದು ಎಂದು ತಿಳಿಯಿರಿ.

ನನ್ನ ಅಂಗಡಿಗೂ ಅವನ ಅಂಗಡಿಗೂ ನಡುವೆ ಒಂದೇ ಗೋಡೆ. ಅತ್ತ ಅವನು ದನಕ್ಕೆ ಮೂಗುದಾರ, ಕುರಿಗೆ ಕಣ್ಣಿ, ಟ್ರ್ಯಾಕ್ಟರಿನ ಹುಲ್ಲಿನ ಹೊರೆಗೆ ದಪ್ಪ ಹಗ್ಗ ಎಲ್ಲವನ್ನೂ ತೂಗುಹಾಕಿಕೊಂಡು ಕುಳಿತಿರುತ್ತಾನೆ. ಸಂತೆಯ ದಿನ ಬಂತೆಂದರೆ ಗಂಟು ಕಟ್ಟಿಕೊಂಡು ಬಸ್ಸು ಹತ್ತುತ್ತಾನೆ. ಚನ್ನಗಿರಿ, ಹೊನ್ನಾಳಿ, ಕೆರೆಬಿಳಚಿ, ಎಲ್ಲಿಗೆ ಹೋದರೂ ಹಗ್ಗ ಹರಡುವ ಮೊದಲು ಅರ್ಧ ಚಹಾಕ್ಕೆ ಜೊತೆ ಹುಡುಕುತ್ತಾನೆ. ಪರಿಚಯದವರೇ ಬೇಕೆಂದಿಲ್ಲ. ಚನ್ನಗಿರಿ ಬಸ್ ನಿಲ್ದಾಣದಲ್ಲಿ ಒಮ್ಮೆ ತನ್ನ ಜೇಬಿಗೆ ಕೈಹಾಕಿದವನನ್ನು ಹಿಡಿದು, ನಾಲ್ಕು ಮಾತು ಬೈದು, ಆಮೇಲೆ ಅವನ ಜೊತೆಗೇ ಬೈ ಟೂ ಕುಡಿದು ಬಂದಿದ್ದಾನೆ. "ಕಳ್ಳ ಏನೋ ಹೌದು, ಆದ್ರೆ ಮಾತು ಚೆನ್ನಾಗಿ ಆಡ್ತಾನೆ" ಎಂಬುದು ಅವನ ವರದಿ.

ನಾನು ಬೈ ಟೂ ಪಂಥಕ್ಕೆ ಸೇರಿದ್ದು ಭಕ್ತಿಯಿಂದಲ್ಲ, ಸಕ್ಕರೆ ಕಾಯಿಲೆಯಿಂದ. ವೈದ್ಯರು ಚಹಾ ಬಿಡಿ ಅಂದರು. ನನ್ನ ಹೆಂಡತಿ ನಾಗರತ್ನ ಅವರಿಗಿಂತ ದಯಾಳು, ಅರ್ಧ ಲೋಟಕ್ಕೆ ಅನುಮತಿ ಕೊಟ್ಟಳು. ಅರ್ಧ ಚಹಾ ಮಾರುವ ಹೋಟೆಲು ಎಲ್ಲಿದೆ? ಬಾಗಿಲಲ್ಲಿ ನಿಂತು ಯೋಚಿಸುತ್ತಿದ್ದಾಗ ಪಕ್ಕದ ಅಂಗಡಿಯಿಂದ ಚಿತ್ತಪ್ಪನ ತಲೆ ಹೊರಬಂತು. ಅಂದಿನಿಂದ ನಾವು ಜೋಡಿ. ಪ್ರೇಮಮ್ಮ ನಮ್ಮನ್ನು ಕಂಡ ಕೂಡಲೇ, "ಬಂದ್ರಾ ಅರ್ಧಂಬರ್ಧದೋರು?" ಎಂದು ಒಂದು ತುಂಬಿದ ಲೋಟ, ಒಂದು ಖಾಲಿ ಲೋಟ ತಂದು ಕುಕ್ಕುತ್ತಾಳೆ.

ಹಂಚುವ ಕೆಲಸವನ್ನು ಚಿತ್ತಪ್ಪ ಯಾರಿಗೂ ಬಿಟ್ಟುಕೊಡುವುದಿಲ್ಲ. ಕೈಯೆತ್ತಿ ಒಂದು ಹನಿ ಚೆಲ್ಲದಂತೆ ಸುರಿಯುತ್ತಾನೆ. ಆಮೇಲೆ ಕುಕ್ಕರುಗಾಲಲ್ಲಿ ಕುಳಿತು ಎರಡೂ ಲೋಟಗಳನ್ನು ಕಣ್ಣಿನ ಮಟ್ಟಕ್ಕೆ ನೋಡುತ್ತಾನೆ. ಒಂದರಲ್ಲಿ ಕೂದಲೆಳೆಯಷ್ಟು ಹೆಚ್ಚು ಕಂಡರೆ ಅದು ಎದುರಿನವರಿಗೆ. ಇದು ಅವನ ಕಾನೂನು, ಇದಕ್ಕೆ ತಿದ್ದುಪಡಿ ಇಲ್ಲ.

ಸಂತೋಷಪಡುವುದರಲ್ಲಿ ಈ ಮನುಷ್ಯನಷ್ಟು ಚುರುಕಿನವರನ್ನು ನಾನು ಕಂಡಿಲ್ಲ. ಬಿಸಿ ಮಂಡಕ್ಕಿಯ ಜೊತೆ ಮೆಣಸಿನಕಾಯಿ ಬೋಂಡ ಬಂದರೆ ಮೊದಲು ಅದನ್ನು ಎದುರಿಗಿಟ್ಟುಕೊಂಡು, ನೆಂಟರು ಬಂದಾಗ ನೋಡುವಂತೆ ನೋಡುತ್ತಾನೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಊರಿಗೆ ಬಂದು ನಾಲ್ಕು ಜನಕ್ಕೆ ಹೇಳುತ್ತಾನೆ. ಹೊಸ ಹಗ್ಗದ ಕಟ್ಟು ಬಿಚ್ಚಿದಾಗ ಗೋಡೆ ತಟ್ಟಿ ನನ್ನನ್ನು ಕರೆದು, "ವಾಸನೆ ನೋಡ್ರಿ!" ಎನ್ನುತ್ತಾನೆ. ನಾನು ಮೂಸಿ ನೋಡುತ್ತೇನೆ. ನನಗೆ ಹಗ್ಗದ ವಾಸನೆ ಬರುತ್ತದೆ, ಅಷ್ಟೇ.

ಈ ಕೊರತೆಯನ್ನು ತುಂಬಿಕೊಳ್ಳಲು ನಾನೊಮ್ಮೆ ದಾವಣಗೆರೆಯಲ್ಲಿ ನಡೆದ 'ಆನಂದಮಯ ಬದುಕು' ಎಂಬ ಶಿಬಿರಕ್ಕೂ ಹೋಗಿಬಂದೆ. ಅಲ್ಲಿ ಎಲ್ಲರ ಕೈಗೂ ಒಂದೊಂದು ಒಣದ್ರಾಕ್ಷಿ ಕೊಟ್ಟು, ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಅಗಿಯಿರಿ, ಪೂರ್ಣ ಆನಂದ ಸಿಗುತ್ತದೆ ಎಂದರು. ನನಗೆ ನಿದ್ದೆ ಸಿಕ್ಕಿತು. ಮರುದಿನ ಚಿತ್ತಪ್ಪನಿಗೆ ಹೇಳಿದೆ.

"ಒಂದೇ ದ್ರಾಕ್ಷಿನಾ?"

"ಒಂದೇ."

"ನಿಮ್ಮ ಮಗ್ಗುಲಾಗೆ ಯಾರು ಕುಂತಿದ್ರು?"

"ಯಾರಿಗೆ ಗೊತ್ತು? ಕಣ್ಣು ಮುಚ್ಚಿದ್ನಲ್ಲ."

"ಅದಕ್ಕೇ ರುಚಿ ಹತ್ತಿಲ್ಲ ನಿಮಗೆ," ಎಂದು ಶಿಬಿರದ ಕಥೆಯನ್ನು ಅಲ್ಲಿಗೇ ಮುಗಿಸಿದ.

ಇಂಥ ಚಿತ್ತಪ್ಪನಿಗೆ ಒಬ್ಬಳೇ ಮಗಳು ಶೈಲಾ. ಹೊನ್ನಾಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳಿಗೆ ಜಗಳೂರು ಕಡೆಯ ಹಳ್ಳಿಯೊಂದರಿಂದ ಸಂಬಂಧ ಬಂತು. ಹುಡುಗನ ಹೆಸರು ಮಾರುತೇಶ್. ಮೆಕ್ಕೆಜೋಳ, ಶೇಂಗಾ ಬೆಳೆಯುವ ಹೊಲ, ದೊಡ್ಡ ಕುರಿಹಿಂಡು, ಸ್ವಂತ ಟ್ರ್ಯಾಕ್ಟರು. ಎರಡೂ ಕಡೆಗೆ ನೆಂಟನಾಗಬೇಕಾದ ಬೀಜ-ಗೊಬ್ಬರದ ಏಜೆಂಟ್ ಅರುಣ್ ಕುಮಾರ್ ಮಧ್ಯಸ್ಥ. ಹುಡುಗ ಹುಡುಗಿ ಮೊದಲೇ ಫೋನಿನಲ್ಲಿ ಮಾತಾಡಿಕೊಂಡಿದ್ದರು. ಶೈಲಾ ಬಸ್ಸಿಳಿದು ಬರುವಾಗ ಒಬ್ಬಳೇ ನಗುತ್ತ ಬರುತ್ತಿದ್ದುದನ್ನು ಬೀದಿಗೆ ಬೀದಿಯೇ ಗಮನಿಸಿತ್ತು. ಹಿರಿಯರು ಬಂದು ನೋಡಿ ಹೂಂ ಅನ್ನುವುದೊಂದೇ ಬಾಕಿ.

ಹೆಣ್ಣು ನೋಡುವ ದಿನ ನಮ್ಮ ಕಡೆಯ ಹಿರಿಯನಾಗಿ ನನ್ನನ್ನು ಕೂರಿಸಿದರು. ನನ್ನಲ್ಲಿ ಹಿರಿತನ ಏನಿತ್ತೋ ಕಾಣೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಇತ್ತು.

ಹುಡುಗನ ತಂದೆ ಓಬಳಪ್ಪನವರು ಕಾರಿನಿಂದ ಇಳಿದರು. ಎತ್ತರದ ಆಳು, ಬೆಳ್ಳಗಿನ ಪಂಚೆ, ಹೆಗಲ ಮೇಲೆ ಟವೆಲು, ತೀಡಿದ ಮೀಸೆ. ಕುರಿಹಿಂಡನ್ನು ದೂರದಿಂದಲೇ ಕೂಗಿ ನಿಲ್ಲಿಸಿ ಅಭ್ಯಾಸವಾದ ದನಿ. ಅವರು "ನೀರು" ಎಂದರೆ ಪಕ್ಕದ ಮನೆಯವರೂ ನೀರು ತರುವಂತಿತ್ತು. ಉಪ್ಪಿಟ್ಟು, ಕೇಸರಿಬಾತು ಆಯಿತು. ಶೈಲಾ ಬಂದು ಕುಳಿತಳು, ಎರಡು ಮಾತಾಡಿದಳು. ಮಾರುತೇಶನ ಮುಖ ನೋಡಿದರೆ ಅವನು ಆಗಲೇ ಮದುವೆ ಮುಗಿಸಿ ಮಕ್ಕಳಿಗೆ ಹೆಸರು ಹುಡುಕುತ್ತಿದ್ದಂತಿತ್ತು. ಎಲ್ಲ ಚೆನ್ನಾಗಿ ನಡೆಯಿತು. ಆಮೇಲೆ ಚಹಾ ಬಂತು.

ಚಿತ್ತಪ್ಪನ ಹೆಂಡತಿ ದುರುಗಮ್ಮ ಹೊಸ ಕಪ್ಪುಗಳ ಟ್ರೇ ಹಿಡಿದು ಬಂದಳು. ಎಲ್ಲರಿಗೂ ಸಾಲುವಷ್ಟು ಇತ್ತು, ಒಳಗೆ ಪಾತ್ರೆಯಲ್ಲಿ ಇನ್ನೂ ಕುದಿಯುತ್ತಿತ್ತು. ಆದರೆ ಚಿತ್ತಪ್ಪನಿಗೆ ಆಗ ಮೈಮೇಲೆ ಎಚ್ಚರ ಇರಲಿಲ್ಲ. ಮಗಳು ನಗುತ್ತಿದ್ದಾಳೆ, ಅಳಿಯನಾಗುವವನು ನಗುತ್ತಿದ್ದಾನೆ, ಮನೆ ತುಂಬ ಜನ. ಅಷ್ಟು ಖುಷಿಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ತಿಳಿದದ್ದು ಒಂದೇ. ಎದ್ದು ಒಳಗೆ ಹೋಗಿ ಎರಡು ಗಾಜಿನ ಲೋಟ ತಂದ. ಟ್ರೇಯಿಂದ ಒಂದು ಕಪ್ ಚಹಾ ತೆಗೆದು ಅವೆರಡಕ್ಕೂ ಸುರಿದ. ಹೊಸ ಬೀಗರ ಎದುರೇ ಕುಕ್ಕರುಗಾಲಲ್ಲಿ ಕುಳಿತು ಮಟ್ಟ ನೋಡಿದ. ಹೆಚ್ಚಿದ್ದ ಲೋಟವನ್ನು ಎರಡೂ ಕೈಯಲ್ಲಿ ಓಬಳಪ್ಪನವರ ಮುಂದೆ ಹಿಡಿದು ಹೇಳಿದ:

"ಬರ್ರಿ ಬೀಗರೆ, ಬೈ ಟೂ ಮಾಡೋಣು!"

ಓಬಳಪ್ಪನವರು ಲೋಟ ನೋಡಿದರು. ಅರ್ಧ ಇತ್ತು. ಟ್ರೇ ನೋಡಿದರು. ಉಳಿದವರಿಗೆಲ್ಲ ತುಂಬಿದ ಕಪ್ಪು ಹೋಗುತ್ತಿತ್ತು. ಗಂಡಿನ ತಂದೆಗೆ ಮಾತ್ರ ಅರ್ಧ! ಮೀಸೆ ಒಮ್ಮೆ ಅಲುಗಿತು. ಲೋಟ ತೆಗೆದುಕೊಂಡು, ತುಟಿಗೆ ಸೋಕಿಸದೆ, ಪಕ್ಕದ ಸ್ಟೂಲಿನ ಮೇಲಿಟ್ಟರು.

"ನಂಗೆ ಚಾ ಬ್ಯಾಡ. ಬಿಸಿಲು ಇಳಿಯೋದ್ರಾಗೆ ಊರು ಸೇರ್ಬೇಕು."

ಕಾರು ಹೋಯಿತು. ಸ್ಟೂಲಿನ ಮೇಲಿದ್ದ ಅರ್ಧ ಚಹಾ ಕೆನೆಗಟ್ಟಿತು.

ಮರುದಿನ ಅರುಣ್ ಕುಮಾರ್ ಫೋನು ಮಾಡಿದ. ಚಿತ್ತಪ್ಪ ಸ್ಪೀಕರ್ ಹಾಕಿಕೊಂಡು ನನ್ನ ಅಂಗಡಿಗೇ ಬಂದ.

"ಏನ್ ಮಾಡಿದ್ರಿ ಮಾವ! ಮನೆಗೆ ಬಂದ ಬೀಗರಿಗೆ ಯಾರಾದ್ರೂ ಅರ್ಧ ಚಾ ಕೊಡ್ತಾರೇನ್ರಿ? 'ಚಾನೇ ಅರ್ಧ ಕೊಡೋ ಜನ, ನಾಳೆ ಮದುವ್ಯಾಗೆ ಎಲೆ ಅರ್ಧ ಹಾಸ್ತಾರೆ' ಅಂತ ಅಲ್ಲಿ ಅಷ್ಟು ಜನದ ಮುಂದೆ ಅಂದಾರೆ ಓಬಳಪ್ಪಾರು. ಈ ಸಂಬಂಧ ಬ್ಯಾಡ ಅಂತ ಕುಂತಾರೆ."

"ಮರ್ಯಾದೆ ಕೊಟ್ಟಿದ್ದು ಕಣಪ್ಪ ಅದು..."

"ಅದು ಮರ್ಯಾದೆ ಅಂತ ಜಗಳೂರು ಸೀಮೆಗೆ ಯಾರು ಹೇಳ್ಬೇಕು ಮಾವ?"

ಮನೆಯಲ್ಲಿ ದುರುಗಮ್ಮ ಎರಡು ದಿನ ಪಾತ್ರೆಗಳ ಜೊತೆ ಮಾತಾಡಿದಳು, ಗಂಡನ ಜೊತೆ ಇಲ್ಲ. ಪಾತ್ರೆಗಳಿಗೆ ಹೇಳಿದ್ದು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. "ಹಾಲು ತಂದಿದ್ದೆ, ಸಕ್ಕರೆ ತಂದಿದ್ದೆ, ಏಲಕ್ಕಿ ತಂದಿದ್ದೆ! ನಿಮ್ಮಪ್ಪಂಗೆ ಹೇಳು ಶೈಲಾ, ಊಟಕ್ಕೂ ಅರ್ಧ ಮುದ್ದೇನೇ ಬಡಿಸ್ತೀನಿ ಇವತ್ತು!"

ಶೈಲಾ ಮಾತ್ರ, "ಬಿಡಮ್ಮ, ಅಪ್ಪಂದೇನು ತಪ್ಪಿಲ್ಲ. ಅರ್ಧ ಚಾ ಕುಡಿಯಾಕೆ ಬಾರದ ಮನ್ಯಾಗೆ ನಾನ್ಯಾಕೆ ಹೋಗಿ ಕುಂದ್ರಲಿ?" ಅಂದಳಂತೆ. ಅಂದ ಮಾತು ಗಟ್ಟಿಯಾಗಿಯೇ ಇತ್ತು. ಆದರೆ ಸಂಜೆ ಬಸ್ಸಿಳಿದು ಬರುವಾಗ ಅವಳು ನಗುತ್ತಿರಲಿಲ್ಲ. ಅದನ್ನೂ ಬೀದಿ ಗಮನಿಸಿತು. ಎಲ್ಲರಿಗಿಂತ ಹೆಚ್ಚಾಗಿ ಹಗ್ಗದಂಗಡಿಯಲ್ಲಿ ಕುಳಿತವನು ಗಮನಿಸಿದ.

ಅದರ ಮರುದಿನ ನಾನು ಪ್ರೇಮಮ್ಮನ ಹೋಟೆಲಿಗೆ ಹೋದಾಗ ಚಿತ್ತಪ್ಪ ಮೂಲೆಯಲ್ಲಿ ಒಬ್ಬನೇ ಕುಳಿತಿದ್ದ. ಮುಂದೆ ಒಂದು ಪೂರ್ತಿ ಚಹಾ.

ಪ್ರೇಮಮ್ಮ ನನ್ನನ್ನು ಬಾಗಿಲಲ್ಲೇ ತಡೆದಳು. "ಪೂರ್ತಿ ಬೇಕಂತೆ ಇವಯ್ಯಂಗೆ. ಮೈಗೆ ಹುಷಾರೈತೋ ಇಲ್ಲೋ ಕೇಳ್ರಿ ಮಾಲತೇಶಣ್ಣ. ಎರಡು ಸಲ ಕೇಳಿ ಕೊಟ್ಟೆ ನಾನು."

ನಾನು ಎದುರಿಗೆ ಕುಳಿತೆ. ಚಿತ್ತಪ್ಪ ಲೋಟವನ್ನು ಎತ್ತಿದ, ಇಟ್ಟ. ಮತ್ತೆ ಎತ್ತಿದ. ಅಭ್ಯಾಸಬಲದಿಂದ ಎಡಗೈ ಖಾಲಿ ಲೋಟಕ್ಕಾಗಿ ಮೇಜು ತಡಕಿತು. ಸಿಗಲಿಲ್ಲ.

"ಕಲೀತಿದೀನಿ," ಅಂದ.

ಅರ್ಧ ಕುಡಿಯುವಷ್ಟರಲ್ಲಿ ನಿಲ್ಲಿಸಿದ. ಉಳಿದರ್ಧವನ್ನು ದಿಟ್ಟಿಸಿ ನೋಡುತ್ತ ಕುಳಿತ. ನನಗೂ ಅಂದು ಚಹಾ ಇಲ್ಲ. ಮನೆಗೆ ಹೋದರೆ ನಾಗರತ್ನ, "ಏನ್ರಿ, ಸಕ್ಕರೆ ಜಾಸ್ತಿ ಆದೋರ ಥರ ಮುಖ ಮಾಡ್ಕೊಂಡಿದೀರಿ?" ಎಂದು ಕೇಳಿದಳು. ಕಡಿಮೆಯಾಗಿದೆ ಎಂದು ಹೇಳಿದರೆ ನಂಬುವವಳಲ್ಲ.

ಕೊನೆಗೆ ಚಿತ್ತಪ್ಪನೇ ಗೋಡೆ ತಟ್ಟಿದ. "ಮಾಲತೇಶಣ್ಣ, ನಾಳೆ ಜಗಳೂರಿಗೆ ಹೋಗೋಣು. ತಪ್ಪಾತು ಅಂತ ಕೈ ಮುಗೀತೀನಿ. ಅವರ ಮುಂದೆ ಒಂದು ಪೂರ್ತಿ ಚಾ ಕುಡಿದು ತೋರಿಸ್ತೀನಿ. ನೀವು ಆ ಬಿಳೀ ಅಂಗಿ ಹಾಕ್ಕೊಂಡು ಬರ್ರಿ."

ಹೊರಟೆವು. ಅರ್ಧ ಚಹಾಕ್ಕೂ ಎಲ್ಲೂ ನಿಲ್ಲದ ಪ್ರಯಾಣ ಅದು. ಬಸ್ಸಿನಲ್ಲಿ ಚಿತ್ತಪ್ಪ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದ. "ಬೀಗರೆ, ನಂದು ತಪ್ಪಾತು. ಇನ್ನು ಮ್ಯಾಲೆ ಎಲ್ಲಾ ಪೂರ್ತಿ." ಪಾಪ, ಮುಖ ಬಾಡಿತ್ತು. ಹೊನ್ನಾಳಿ ದಾಟಿ ಬಸ್ಸು ತುಂಗಭದ್ರೆಯ ಸೇತುವೆ ಹತ್ತಿತು. ನದಿಯ ಮೇಲಿಂದ ತಣ್ಣನೆ ಗಾಳಿ ಕಿಟಕಿಯೊಳಗೆ ನುಗ್ಗಿತು. ಚಿತ್ತಪ್ಪ ಬಾಯಿಪಾಠ ನಿಲ್ಲಿಸಿದ. ಕಣ್ಣು ಮುಚ್ಚಿದ. ಆಮೇಲೆ ನನ್ನ ಕಡೆ ತಿರುಗಿ, ಅಪರಾಧಿಯ ದನಿಯಲ್ಲಿ ಹೇಳಿದ:

"ಸಂಕಟ ಐತೆ ಮಾಲತೇಶಣ್ಣ. ಆದ್ರೆ ಗಾಳಿ ಚೆನ್ನಾಗೈತೆ."

ಕಿಟಕಿ ಸೀಟು ಬಿಟ್ಟು ಎದ್ದ. "ಬರ್ರಿ, ದಾವಣಗೆರೆಗಂಟ ನೀವು ಕುಂದ್ರಿ. ಇಲ್ಲಿಗಂಟ ನಾನು ಕುಂತಿದ್ನಲ್ಲ."

ಕಿಟಕಿಯನ್ನೂ ಬೈ ಟೂ ಮಾಡುವ ಮನುಷ್ಯ ಪೂರ್ತಿ ಚಹಾದ ವ್ರತ ಹಿಡಿದು ಹೊರಟಿದ್ದ.

ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ ಜಗಳೂರು ತಲುಪಿದೆವು. ಅಲ್ಲಿಂದ ಆಟೋ ಹಿಡಿದು ಓಬಳಪ್ಪನವರ ಹಳ್ಳಿ. ದಾರಿಯ ಉದ್ದಕ್ಕೂ ರಸ್ತೆ ಮೇಲೇ ಮೆಕ್ಕೆಜೋಳ ಒಣಹಾಕಿದ್ದರು. ಆಟೋದವನು ಅದನ್ನು ತಪ್ಪಿಸಲು ಹೊಲಕ್ಕೆ ಇಳಿಯುತ್ತಿದ್ದ, ಹೊಲದಲ್ಲಿ ಕುರಿ ಸಿಕ್ಕಿ ಮತ್ತೆ ರಸ್ತೆಗೆ ಹತ್ತುತ್ತಿದ್ದ. ನನ್ನ ಬಿಳಿ ಅಂಗಿ ಊರು ಸೇರುವ ಹೊತ್ತಿಗೆ ಜಗಳೂರಿನ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಇದ್ದೊಂದು ಹಿರಿತನವೂ ಹೋಯಿತು.

ಓಬಳಪ್ಪನವರು ಮನೆಯ ಮುಂದೆ ಬೇವಿನ ಮರದ ಕೆಳಗೆ ಮಂಚದ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಒಂದು ಹಿತ್ತಾಳೆ ಲೋಟ. ಒಬ್ಬರೇ. ಅಂಗಳದಲ್ಲಿ ಜನ ಇರಲಿಲ್ಲ ಎಂದಲ್ಲ. ಹೆಂಡತಿ ಲಕ್ಷ್ಮಕ್ಕ ಶೇಂಗಾ ಬಿಡಿಸುತ್ತಿದ್ದರು, ಮಾರುತೇಶ್ ಟ್ರ್ಯಾಕ್ಟರಿನ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ. ಆದರೆ ಯಜಮಾನರ ಮಂಚದ ಸುತ್ತ ಒಂದು ಗೆರೆ ಎಳೆದಂತೆ ಎಲ್ಲರೂ ದೂರದಲ್ಲಿದ್ದರು. ನಮ್ಮನ್ನು ಕಂಡು ಮಾರುತೇಶ್ ಗಡಬಡಿಸಿ ಎದ್ದು ಟ್ರ್ಯಾಕ್ಟರಿಗೆ ತಲೆ ಬಡಿದುಕೊಂಡ.

"ಬರ್ರಿ," ಅಂದರು ಓಬಳಪ್ಪನವರು. "ಲಕ್ಷ್ಮಕ್ಕ, ಚಾ ತಾ. ಪೂರ್ತಿ ತಾ."

'ಪೂರ್ತಿ' ಎಂಬ ಮಾತು ಊರ ಆಚೆಯ ಗುಡ್ಡಕ್ಕೆ ಬಡಿದು ವಾಪಸು ಬಂದಿರಬೇಕು.

ಬಂದದ್ದು ಲೋಟವಲ್ಲ, ಚೊಂಬಿನ ತಮ್ಮ. ಅಂಥ ಎರಡು. ಕಂಠದವರೆಗೆ ಕೆನೆಹಾಲಿನ ಚಹಾ, ಸಕ್ಕರೆಯಂತೂ ಕೇಳಲೇಬೇಡಿ. ನಾನು ಮನಸ್ಸಿನಲ್ಲೇ ನಾಗರತ್ನಳ ಕ್ಷಮೆ ಕೇಳಿದೆ. ಚಿತ್ತಪ್ಪ ತನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದ. ಬಾಯಿಪಾಠ ಶುರುಮಾಡಿದ.

"ಬೀಗರೆ, ನಂದು..."

"ಮೊದ್ಲು ಇದನ್ನು ಹೇಳ್ರಿ," ಓಬಳಪ್ಪನವರು ತಡೆದರು. "ಅವತ್ತು ಹಾಲು ಕಡಿಮೆ ಬಿದ್ದಿತ್ತೇನು?"

"ಇಲ್ರಿ. ಪಾತ್ರೆ ತುಂಬ ಇತ್ತು."

"ಮತ್ತೆ ನನಗೆ ಅರ್ಧ ಕೊಟ್ಟಿದ್ಯಾಕೆ? ನನ್ನ ನೋಡಿದ್ರೆ ಪೂರ್ತಿ ಚಾಕ್ಕೆ ಬೆಲೆ ಇಲ್ದೋನು ಅಂತ ಕಂಡಿತೇನು? ಉಳಿದೋರಿಗೆಲ್ಲ ಪೂರ್ತಿ ಕೊಟ್ರಲ್ಲ!"

ಇಲ್ಲಿ ಚಿತ್ತಪ್ಪ 'ತಪ್ಪಾತು' ಅನ್ನಬೇಕಿತ್ತು. ಬಸ್ಸಿನಲ್ಲಿ ಅದನ್ನೇ ತಾಲೀಮು ಮಾಡಿದ್ದ. ನಾನು ಮೊಣಕೈಯಿಂದ ತಿವಿದೆ ಕೂಡ. ಅವನು ನನ್ನ ಕಡೆ ನೋಡಲಿಲ್ಲ. ಮಂಚದ ಮೇಲಿದ್ದ ಒಂಟಿ ಲೋಟವನ್ನೇ ನೋಡುತ್ತಿದ್ದ. ಆಮೇಲೆ ಬೆನ್ನು ನೆಟ್ಟಗೆ ಮಾಡಿದ. ಇಷ್ಟು ವರ್ಷ ಅವನ ಪಕ್ಕ ಕುಳಿತವನು ನಾನು, ಅವನು ಅಷ್ಟು ಎತ್ತರ ಇದ್ದಾನೆಂದು ಅಂದೇ ತಿಳಿದದ್ದು.

"ಪೂರ್ತಿ ಯಾರಿಗೆ ಬೇಕಾದ್ರೂ ಕೊಡಬೌದು ಓಬಳಪ್ಪಾರೆ. ದಾರ್ಯಾಗೆ ಹೋಗೋರಿಗೂ ಕೊಡಬೌದು. ಕೊಟ್ಟು ನಮ್ ಕೆಲಸಕ್ಕೆ ನಾವು ಹೋಗಬೌದು. ಅರ್ಧ ಹಂಗಲ್ರಿ. ಇನ್ನರ್ಧ ನನ್ನ ಕೈಯಾಗೆ ಇರ್ತೈತಲ್ಲ, ನೀವು ಕುಡಿದು ಮುಗಿಸೋಗಂಟ ನಾನು ಎದ್ದು ಹೋಗಂಗಿಲ್ಲ. ಅವತ್ತು ಅಷ್ಟು ಜನದಾಗೆ ನಿಮಗೊಬ್ರಿಗೇ ಕೊಟ್ಟೆ. ಯಾಕಂದ್ರೆ ನಾನು ನಿಮ್ಮ ಜೊತೆ ಒಂದು ದೊಡ್ಡ ಬೈ ಟೂ ಮಾಡಾಕೆ ಹೊಂಟಿದ್ದೆ."

"ಏನದು?"

"ನನ್ನ ಮಗಳು ರೀ."

ಲಕ್ಷ್ಮಕ್ಕನವರ ಕೈಯಲ್ಲಿ ಶೇಂಗಾ ನಿಂತಿತು.

"ಎಲ್ಲಾರೂ ಹೆಣ್ಣು ಕೊಟ್ಟೆ ಅಂತಾರೆ. ಕೊಟ್ಟ ಮ್ಯಾಲೆ ಮುಗೀತು, ಅವರ ಮನೆ ಹೆಣ್ಣು. ನಂಗೆ ಹಂಗೆ ಪೂರ್ತಿ ಕೊಡಾಕೆ ಬರಂಗಿಲ್ಲ. ಒಬ್ಬಳೇ ಮಗಳು. ಅರ್ಧ ನಿಮ್ಮ ಮನೆಯಾಕೆ, ಅರ್ಧ ನಮ್ಮ ಮನೆಯಾಕೆ. ಹಂಗೇ ನಿಮ್ಮ ಮಗನೂ ಅರ್ಧ ನಮಗೆ. ಇದು ನಿಮಗೆ ಕಮ್ಮಿ ಅನ್ಸಿದ್ರೆ ಬ್ಯಾಡ್ರಿ, ನಾನು ಕೈ ಮುಗಿದು ಎದ್ದು ಹೋಗ್ತೀನಿ. ಆದ್ರೆ ಹಂಚೋವಾಗ ಹೆಚ್ಚಿನ ಲೋಟ ನಿಮ್ಮ ಕಡೀಗೇ ಇಟ್ಟಿದ್ದೆ ರೀ. ಅದನ್ನ ನೀವು ನೋಡಲಿಲ್ಲ."

ಇದಕ್ಕೆ ಮೊದಲು ಉತ್ತರ ಕೊಟ್ಟದ್ದು ಅಂಗಳದ ಒಂದು ಕುರಿ. ಕೈಮುಗಿಯಲು ಬಂದ ಮನುಷ್ಯ ಹೀಗೆ ಮಾತಾಡಿದ್ದು ಕಂಡು ನಾನು ಆಟೋದವನು ಇನ್ನೂ ಇದ್ದಾನೆಯೇ ಎಂದು ಕಣ್ಣಲ್ಲೇ ಹುಡುಕಿದೆ. ನಾನು ಅಂಥ ಧೈರ್ಯವಂತ.

ಓಬಳಪ್ಪನವರು ಮೀಸೆ ಸವರಿಕೊಂಡರು. ತಮ್ಮ ಹಿತ್ತಾಳೆ ಲೋಟದೊಳಗೆ ಇಣುಕಿ ನೋಡಿದರು. ಇನ್ನೂ ಮುಟ್ಟಿರಲಿಲ್ಲ, ತುಂಬಿತ್ತು.

"ಲಕ್ಷ್ಮಕ್ಕ," ಅಂದರು. ಈ ಸಲ ದನಿ ಗುಡ್ಡದವರೆಗೆ ಹೋಗಲಿಲ್ಲ, ಅಂಗಳದಲ್ಲೇ ಉಳಿಯಿತು. "ಒಂದು ಖಾಲಿ ಲೋಟ ತಾ."

ಲಕ್ಷ್ಮಕ್ಕ ಎದ್ದ ಅವಸರಕ್ಕೆ ಬಿಡಿಸಿದ ಶೇಂಗಾ ಸಿಪ್ಪೆಯ ಜೊತೆ ಬೆರೆತುಹೋಯಿತು. ಲೋಟ ಬಂತು. ಓಬಳಪ್ಪನವರು ತಮ್ಮ ಚಹಾ ಎತ್ತಿ ಸುರಿಯಲು ಹೋದರು. ಹುಟ್ಟಿದಾಗಿನಿಂದ ಒಬ್ಬರೇ ಕುಡಿದ ಕೈ ಅದು, ಸುರಿದು ಅಭ್ಯಾಸವಿಲ್ಲ. ಲೋಟದೊಳಗೆ ಬಿದ್ದಷ್ಟೇ ಬೆಳ್ಳಗಿನ ಪಂಚೆಯ ಮೇಲೂ ಬಿತ್ತು.

"ಅಯ್ಯಯ್ಯ!" ಅಂದರು ಲಕ್ಷ್ಮಕ್ಕ.

"ಮೊದಲ್ನೇ ಸಲ ಎಲ್ಲಾರಿಗೂ ಚೆಲ್ತೈತೆ ಬೀಗರೆ," ಎಂದು ಚಿತ್ತಪ್ಪ ತನ್ನ ಹೆಗಲ ಮೇಲಿನ ಟವೆಲು ಕೊಟ್ಟ. "ಸ್ವಲ್ಪ ಮ್ಯಾಲಿಂದ ಬಿಡ್ರಿ, ಅಂಜಬ್ಯಾಡ್ರಿ."

ಎರಡನೆಯ ಪ್ರಯತ್ನ ಸರಿಯಾಯಿತು. ಓಬಳಪ್ಪನವರು ಮಂಚದಿಂದ ಇಳಿದರು. ಆ ಎತ್ತರದ ಆಳು, ತೊಯ್ದ ಪಂಚೆ ಮೇಲೆ ಕಟ್ಟಿಕೊಂಡು, ಹೆಂಡತಿ ಮಗನ ಎದುರೇ ಕುಕ್ಕರುಗಾಲಲ್ಲಿ ಕುಳಿತು ಲೋಟಗಳ ಮಟ್ಟ ನೋಡಿದರು. ನೋಡಿ, ಹೆಚ್ಚಿದ್ದ ಲೋಟವನ್ನು ಚಿತ್ತಪ್ಪನ ಕಡೆ ನೂಕಿದರು.

"ತಗೊಳ್ರಿ. ಇದೂ ಹೆಚ್ಚಿಂದೇ. ಲೆಕ್ಕ ಸಮ ಆತು."

ಇಬ್ಬರೂ ಕುಡಿದರು. ಅಲ್ಲೇ ನೆಲದ ಮೇಲೆ ಕುಳಿತು ಕುಡಿದರು. ಕುಡಿಯುತ್ತ ಕುರಿ ಕಟ್ಟುವ ಕಣ್ಣಿಯಿಂದ ಮಾತು ಶುರುವಾಗಿ ಮಳೆಗೆ ಹೋಗಿ, ಮೊಣಕಾಲು ನೋವಿಗೆ ಬಂದು, ಮತ್ತೆ ಕುರಿ ಹಗ್ಗಕ್ಕೇ ಬಂತು. ಅರ್ಧ ಲೋಟದ ಚಹಾದಲ್ಲಿ ಅಷ್ಟು ಮಾತು ಅಡಗಿರುತ್ತದೆಂದು ಆ ಮನೆಯವರಿಗೆ ಗೊತ್ತಿರಲಿಲ್ಲ. ಮಾರುತೇಶ್ ಟ್ರ್ಯಾಕ್ಟರಿನ ಹಿಂದೆ ನಿಂತು ಫೋನಿನಲ್ಲಿ ಯಾರಿಗೋ ಪಿಸುಗುಟ್ಟುತ್ತಿದ್ದ. ಯಾರಿಗೆ ಎಂದು ಕೇಳುವಷ್ಟು ದಡ್ಡ ನಾನಲ್ಲ. ಚಿತ್ತಪ್ಪನಿಗೆಂದು ತಂದಿದ್ದ ಆ ಚೊಂಬಿನಂಥ ಲೋಟ ಮಾತ್ರ ಹಾಗೆಯೇ ಉಳಿಯಿತು. ನನ್ನದನ್ನು ನಾನು ಪೂರ್ತಿ ಕುಡಿದೆ. ನನ್ನ ಜೊತೆ ಬೈ ಟೂ ಮಾಡುವವನು ಅಂದು ಬೇರೆಯವರ ಪಾಲಾಗಿದ್ದ.

ಸಂಜೆ ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಸೀಟು ಸಿಗಲಿಲ್ಲ. ಸೀಟೇ ಸಿಗಲಿಲ್ಲ. ದಾವಣಗೆರೆಯವರೆಗೂ ನಿಂತೇ ಬಂದೆವು. ಚಿತ್ತಪ್ಪ ಮೇಲಿನ ಕಂಬಿ ಹಿಡಿದು ತೂಗಾಡುತ್ತ, "ನಿಂತ್ರೆ ಎರಡೂ ಕಡೆ ಕಿಟಕಿ ಕಾಣ್ತಾವು ನೋಡ್ರಿ!" ಅಂದ. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ಇದು ಯಾವ ಊರಿನ ಪ್ರಾಣಿ ಎಂಬಂತೆ ನೋಡಿದರು. "ನಮ್ಮ ನ್ಯಾಮತಿಯವರು," ಎಂದೆ ನಾನು. ಜಗಳೂರಿನ ಮಣ್ಣು ಮೆತ್ತಿದ ಅಂಗಿಯಲ್ಲೂ ಎದೆ ಸ್ವಲ್ಪ ಮುಂದೆ ಬಂದಿತ್ತು. ನಮ್ಮೂರು ತಾಲ್ಲೂಕು ಆದ ದಿನವೂ ಅಷ್ಟು ಹೆಮ್ಮೆಯಿಂದ ಆ ಹೆಸರು ಹೇಳಿರಲಿಲ್ಲ.

ಮದುವೆ ಮೆಕ್ಕೆಜೋಳ ಮಾರಿದ ಮೇಲೆ ಎಂದು ಗೊತ್ತಾಗಿದೆ. ಯುಗಾದಿ ನ್ಯಾಮತಿಯಲ್ಲಿ, ದೀಪಾವಳಿ ಜಗಳೂರಿನಲ್ಲಿ ಎಂದು ಶೈಲಾ ಈಗಲೇ ಹಬ್ಬಗಳನ್ನು ಹಂಚಿ ಮುಗಿಸಿದ್ದಾಳೆ. ಕೆಲಸ ಬಿಡುವುದಿಲ್ಲ, ಜಗಳೂರಿನ ಕಡೆಯೇ ಒಂದು ಆಸ್ಪತ್ರೆ ನೋಡುತ್ತಿದ್ದಾಳೆ. ಬಸ್ಸಿಳಿದು ಬರುವಾಗ ಮತ್ತೆ ಒಬ್ಬಳೇ ನಗುತ್ತಾಳೆ. ಬೀದಿ ನೆಮ್ಮದಿಯಾಗಿದೆ. ದುರುಗಮ್ಮ ಪಾತ್ರೆಗಳನ್ನು ಬಿಟ್ಟು ಗಂಡನ ಜೊತೆ ಮಾತಾಡುತ್ತಾಳೆ, ಬೈಗುಳ ಮಾತ್ರ ಅವೇ.

ಕಳೆದ ವಾರ ಓಬಳಪ್ಪನವರು ಮದುವೆಯ ಮಾತಿಗೆಂದು ನ್ಯಾಮತಿಗೆ ಬಂದರು. ಕಾರಿನಲ್ಲಲ್ಲ, ಬಸ್ಸಿನಲ್ಲಿ. ಇಳಿದವರೇ ಹಗ್ಗದಂಗಡಿಗೆ ಬಂದರು. ಚಿತ್ತಪ್ಪ ಗೋಡೆ ತಟ್ಟಿದ. ಮೂವರೂ ಪ್ರೇಮಮ್ಮನ ಹೋಟೆಲಿಗೆ ಹೋದೆವು. ನನಗೆ ಒಳಗೊಳಗೇ ಅಳುಕು. ಬೈ ಟೂ ಇರುವುದು ಇಬ್ಬರಿಗೆ, ಬೀಗರು ಬಂದ ಮೇಲೆ ನಾನು ಹೊರಗಿನವನಲ್ಲವೆ?

"ಏನ್ ಕೊಡ್ಲಿ?" ಅಂದಳು ಪ್ರೇಮಮ್ಮ.

ಓಬಳಪ್ಪನವರು ನಮ್ಮಿಬ್ಬರನ್ನೂ ನೋಡಿದರು. ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಆಮೇಲೆ ಕುರಿಹಿಂಡು ನಿಲ್ಲಿಸುವ ಆ ದನಿಯಲ್ಲಿ ಕೂಗಿದರು:

"ಟೂ ಬೈ ತ್ರೀ!"

ಎರಡು ಚಹಾ, ಮೂರು ಲೋಟ ಬಂದವು. ಚಿತ್ತಪ್ಪ ಕುಕ್ಕರುಗಾಲಲ್ಲಿ ಕುಳಿತ. ಓಬಳಪ್ಪನವರೂ ಪಕ್ಕದಲ್ಲಿ ಕುಳಿತರು. ಇಬ್ಬರೂ ಸೇರಿ ಮೂರು ಲೋಟಗಳ ಮಟ್ಟ ನೋಡಿ, ಹೆಚ್ಚು ಕಂಡದ್ದನ್ನು ನನ್ನ ಕಡೆ ನೂಕಿದರು. ನಾನು ಆ ಹೆಚ್ಚಿನದನ್ನು ಓಬಳಪ್ಪನವರ ಲೋಟಕ್ಕೆ ಸುರಿದೆ. ಅವರು ಅದನ್ನು ಚಿತ್ತಪ್ಪನ ಲೋಟಕ್ಕೆ ಸುರಿದರು, ಈ ಸಲ ಒಂದು ಹನಿಯೂ ಚೆಲ್ಲಲಿಲ್ಲ. ಚಿತ್ತಪ್ಪ ಅದನ್ನು ಮತ್ತೆ ನನ್ನ ಲೋಟಕ್ಕೆ ತಂದು ಸುರಿದ.

ಪ್ರೇಮಮ್ಮ ಸೌಟು ಹಿಡಿದುಕೊಂಡೇ ಬಂದಳು.

"ಕುಡೀತೀರೋ, ಹಿಂಗೇ ಆಡ್ತಾ ಕುಂದ್ರತೀರೋ? ಆರಿ ಹೋಗ್ತೈತೆ ಚಾ!"